ಬಾಗಿಲು ಹಾಕಿದ ಹುಡುಗಿ

ಆ ಬೆಳಿಗ್ಗೆ ಸಪ್ನಾ ಅವನ ಮುಖಕ್ಕೇ ಬಾಗಿಲು ಹಾಕಿದಳು.

ತಪ್ಪು ಅವಳದಲ್ಲ. ಎರಡೂ ಕೈಯಲ್ಲಿ ದೊಡ್ಡ ಸ್ವೀಟ್ ಬಾಕ್ಸ್ ಹಿಡಿದು, ಕುತ್ತಿಗೆಯಲ್ಲಿ ಕಾರ್ಡ್ ಇಲ್ಲದೆ, ಹಲ್ಲು ಕಿರಿಯುತ್ತ ಹಿಂದಿನಿಂದ ನುಸುಳಲು ಬಂದವನನ್ನು ಒಳಗೆ ಬಿಡುವ ಹೆಂಗಸು ಅವಳಲ್ಲ. ಪುಣೆಯ ಹತ್ತಿರದ ಚಾಕಣದ ಆ ಕಂಪನಿ ಕಾರುಗಳಿಗೆ ಬ್ರೇಕ್ ಪೈಪ್ ಮಾಡುತ್ತಿತ್ತು. ಹೋದ ದೀಪಾವಳಿಯ ಹೊತ್ತಿಗೆ ಯಾರೋ ಅವರ ಕಂಪ್ಯೂಟರಿಗೆ ಕನ್ನ ಹಾಕಿ, ಟೆಂಡರಿನ ದರಗಳನ್ನೆಲ್ಲ ನೋಡಿಬಿಟ್ಟಿದ್ದರು. ಆರ್ಡರ್ ಬೇರೆಯವರ ಪಾಲಾಯಿತು. ಅದಾದ ಮೇಲೆ ಪ್ರತಿ ಬಾಗಿಲಿಗೂ ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಬೀಗ ಬಂತು. ಬೀಗ ಬಂತೇ ಹೊರತು ಬುದ್ಧಿ ಬರಲಿಲ್ಲ. ಮುಂದೆ ಹೋದವರು ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲುವುದೇ ದೊಡ್ಡ ಸಭ್ಯತೆ ಎಂದು ಎಲ್ಲರೂ ತಿಳಿದಿದ್ದರು.

ಸಪ್ನಾಳ ಸಂಶಯದ ಬುದ್ಧಿ ಇಡೀ ಆಫೀಸಿಗೆ ಗೊತ್ತಿತ್ತು. ಅವಳ ಪರ್ಚೇಸ್ ಸೆಕ್ಷನ್ನಿನವರೇ ಅವಳಿಗೆ ‘ಫೌಜದಾರ ಬಾಯಿ’ ಎಂದು ಹೆಸರಿಟ್ಟಿದ್ದರು. ಉಳಿದವರು ಊಟಕ್ಕೆ ಕುಳಿತಾಗ ಉಪ್ಪಿನಕಾಯಿ ಹಂಚಿಕೊಂಡಷ್ಟೇ ಸಲೀಸಾಗಿ ಒಬ್ಬರಿಗೊಬ್ಬರು ಪಾಸ್‌ವರ್ಡ್ ಹಂಚಿಕೊಳ್ಳುತ್ತಿದ್ದರು. ಕೊಡದವರು ಜಿಪುಣರು, ಸೊಕ್ಕಿನವರು. ಸಪ್ನಾ ಮಾತ್ರ ಇವತ್ತಿನವರೆಗೂ ಯಾರಿಗೂ ಕೊಟ್ಟವಳಲ್ಲ.

ಗಾಜಿನ ಆಚೆ ಅವನು ಬಾಕ್ಸನ್ನು ಎತ್ತಿ ತೋರಿಸಿದ. ಕೈ ಖಾಲಿ ಇಲ್ಲ, ದಯವಿಟ್ಟು, ಎನ್ನುವ ಹಾಗೆ ಹುಬ್ಬು ಕುಣಿಸಿದ. ಅವಳು ಬಾಕ್ಸಿನ ಮೇಲಿದ್ದ ಹೆಸರು ಓದಿದಳು: ಹೋಟೆಲ್ ನಂದಾದೀಪ, ಶಿವಾಜಿನಗರ. ಆಮೇಲೆ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಫೋನೆತ್ತಿ ಗೇಟಿನ ವಾಚ್‌ಮನ್‌ಗೆ ಬರಹೇಳಿದಳು. ಅವನು ಕೋಪಿಸಿಕೊಳ್ಳಲಿಲ್ಲ, ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಅದು ತನ್ನ ಕಣ್ಣಿಗೆ ಬಿದ್ದದ್ದೇ ಸಪ್ನಾಳಿಗೆ ಸೇರಲಿಲ್ಲ.

ಮಧ್ಯಾಹ್ನದ ಮೀಟಿಂಗಿನಲ್ಲಿ ಅವನೇ ಎಂಡಿ ಸಾಹೇಬರ ಪಕ್ಕದಲ್ಲಿ ನಿಂತಿದ್ದ. ಹೆಸರು ಕುಶಲ್ ಅಂತೆ. ಕಂಪ್ಯೂಟರ್ ಸೆಕ್ಯುರಿಟಿಯ ಕನ್ಸಲ್ಟಂಟ್. ಅದೇ ಬಾಕ್ಸ್ ಹಿಡಿದು ಬೆಳಿಗ್ಗೆ ಸ್ಟೋರ್ಸ್, ಡಿಸೈನ್, ಅಕೌಂಟ್ಸ್ ಎಲ್ಲ ಕಡೆ ಹೊಕ್ಕು, ಕೊನೆಗೆ ಎಂಡಿ ಸಾಹೇಬರ ಕುರ್ಚಿಯಲ್ಲೇ ಕುಳಿತು ಬಂದಿದ್ದನಂತೆ. ಯಾರೂ ಯಾಕೆ ಎಂದು ಕೇಳಿರಲಿಲ್ಲ, ಮೈಸೂರ್ ಪಾಕ್ ಮಾತ್ರ ತಿಂದಿದ್ದರು. ಒಂದೇ ಒಂದು ಬಾಗಿಲು ನನ್ನನ್ನು ತಡೆಯಿತು ಎಂದು ಹಿಂದಿಯಲ್ಲಿ ಹೇಳುತ್ತ ಅವನು ನೇರವಾಗಿ ಅವಳತ್ತ ನೋಡಿದ. ಎಲ್ಲರೂ ತಿರುಗಿದರು. ಸಪ್ನಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಅಂದು ಅವನು ಹೇಳಿಕೊಟ್ಟದ್ದು ಬಹಳ ಸರಳ. ಯಾರೇ ಫೋನ್ ಮಾಡಿ ಏನೇ ಕೇಳಲಿ, ಎಷ್ಟೇ ಸಿಹಿಯಾಗಿ ಮಾತಾಡಲಿ, ಫೋನ್ ಇಟ್ಟುಬಿಡಿ. ಅವರು ಕೊಟ್ಟ ನಂಬರಿಗಲ್ಲ, ನೀವೇ ಹುಡುಕಿದ ನಂಬರಿಗೆ ತಿರುಗಿ ಫೋನ್ ಮಾಡಿ ವಿಚಾರಿಸಿ. ನಿಜದವರಾಗಿದ್ದರೆ ಕಾಯುತ್ತಾರೆ. ಎಂಡಿ ಸಾಹೇಬರು ಕೊನೆಯಲ್ಲಿ ಎದ್ದು, ಕಾರು ಕಂಪನಿಯವರು ತಪಾಸಣೆಗೆ ಬರಲಿದ್ದಾರೆ, ಇನ್ನು ಮುಂದೆ ಪಾಸ್‌ವರ್ಡ್ ಬಾಯಿಬಿಟ್ಟವರು ಸೀದಾ ಮನೆಗೆ ಎಂದು ಗುಡುಗಿದರು. ಸಪ್ನಾ ಹೆದರಲಿಲ್ಲ. ತನಗೂ ಆ ಮಾತಿಗೂ ಸಂಬಂಧವೇ ಇಲ್ಲ ಎಂದುಕೊಂಡಳು.

ಕುಶಲನಿಗೆ ಪರ್ಚೇಸ್ ಸೆಕ್ಷನ್ನಿನ ಮೂಲೆಯಲ್ಲೇ ಜಾಗ ಕೊಟ್ಟರು. ಶುರುವಾಯಿತು ನೋಡಿ ಅವಳ ಪೀಕಲಾಟ.

ಟೀ ಬಂದರೆ ಮೊದಲ ಕಪ್ ಅವಳ ಮೇಜಿಗೆ ಸರಿಸುತ್ತಿದ್ದ. ಯಾಕೆ? ಕಿಟಕಿಯ ಬಿಸಿಲು ಅವಳ ಮುಖಕ್ಕೆ ಬಿದ್ದರೆ ಎದ್ದು ಪರದೆ ಎಳೆಯುತ್ತಿದ್ದ. ಯಾಕೆ? ಅವಳು ತಲೆ ಎತ್ತಿದಾಗೆಲ್ಲ ಅವನ ಕಣ್ಣು ಆಗಷ್ಟೇ ಬೇರೆ ಕಡೆ ಹೊರಳಿರುತ್ತಿತ್ತು, ಕಿವಿಯ ತುದಿ ಮಾತ್ರ ಕೆಂಪಗೆ ಸಿಕ್ಕಿಬೀಳುತ್ತಿತ್ತು. ಜನರನ್ನು ಮೋಸದಿಂದ ಪರೀಕ್ಷೆ ಮಾಡುವುದೇ ಇವನ ಕಸುಬು. ಹಾಗಾದರೆ ಇದೂ ಪರೀಕ್ಷೆಯೇ ಇರಬೇಕು ಎಂದು ಸಪ್ನಾ ಹಲ್ಲು ಕಚ್ಚಿ ಕೂತಳು.

ಆದರೆ ಒಂದು ಸಂಗತಿ ಅವಳ ಲೆಕ್ಕ ಕೆಡಿಸಿತು. ಅವಳು ಪಾಸ್‌ವರ್ಡ್ ಒತ್ತಲು ಕೀಬೋರ್ಡಿಗೆ ಕೈಯಿಟ್ಟರೆ ಸಾಕು, ಅವನು ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ. ಹೆಂಗಸು ಸೆರಗು ಸರಿಮಾಡಿಕೊಳ್ಳುವಾಗ ಮರ್ಯಾದಸ್ಥ ಗಂಡಸು ಮುಖ ತಿರುಗಿಸುವ ಹಾಗೆ. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವನು ಅಷ್ಟು ಶ್ರದ್ಧೆಯಿಂದ ಸುಣ್ಣದ ಗೋಡೆ ನೋಡುವುದನ್ನು ನೋಡಿ ಸಪ್ನಾಳಿಗೆ ನಗು ಬರುತ್ತಿತ್ತು. ನಗು ಬಂದದ್ದಕ್ಕೆ ಮತ್ತೆ ಸಂಶಯ ಬರುತ್ತಿತ್ತು.

ಒಂದು ಸಲ ಅವಳೇ ಕೇಳಿದಳು, ಮರಾಠಿಯಲ್ಲಿ, ಫೈಲಿನಿಂದ ತಲೆ ಎತ್ತದೆ: ನಿಮ್ಮನ್ನು ನಂಬುವುದು ಹೇಗೆ?

ನಂಬಬೇಡಿ ಎಂದ ಅವನು. ನಿಮ್ಮ ಕೆಲಸವೇ ಅದು.

ಇಂಥ ಉತ್ತರ ಕೊಟ್ಟವನನ್ನು ಏನು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ.

ಆಮೇಲೊಂದು ದಿನ, ಊಟದ ಹೊತ್ತು. ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. ಅವ್ವನಿಗೆ ಫೋನ್ ಮಾಡಿ ಮಾತಾಡಿ ಮುಗಿಸಿ ಸಪ್ನಾ ಡಬ್ಬಿ ಬಿಚ್ಚುತ್ತಿದ್ದಳು. ಮೇಜಿನ ಫೋನ್ ರಿಂಗಾಯಿತು.

"ನಮಸ್ಕಾರ್ರಿ. ಹೆಡ್ ಆಫೀಸಿಂದ ಮಾಂತು ಮಾತಾಡಾಕತ್ತೀನ್ರಿ, ಕಂಪ್ಯೂಟರ್ ಸೆಕ್ಷನ್. ನೀವು ನಮ್ಮ ಕಡೆಯವರು ಅಂತ ಗೊತ್ತಾತು, ಅದಕ್ಕ ಕನ್ನಡದಾಗ ಸುರು ಮಾಡಿದೆ. ನಡೀತೈತಲ್ರಿ?"

ನಡೆಯದೆ ಏನು. ಸಪ್ನಾ ಹುಟ್ಟಿದ್ದು, ಓದಿದ್ದು ಪುಣೆಯಲ್ಲೇ, ಮರಾಠಿ ಅವಳ ನಾಲಿಗೆಯ ಮೇಲೆ ನೀರಿನ ಹಾಗೆ ಹರಿಯುತ್ತಿತ್ತು. ಆದರೆ ಕನ್ನಡವೆಂದರೆ ಖಡಕಿ ಬಡಾವಣೆಯ ಮನೆಯ ಹೊಸ್ತಿಲ ಒಳಗೆ, ಅಪ್ಪ ಸಿದ್ರಾಮಪ್ಪ ಮತ್ತು ಅವ್ವ ಕಾಶವ್ವನ ಜೊತೆ ಮಾತ್ರ. ಈ ಆಫೀಸಿನಲ್ಲಿ ಅವಳಿಗಾಗಿ ಯಾರೂ ಎಂದೂ ಒಂದು ಕನ್ನಡದ ಮಾತು ಆಡಿರಲಿಲ್ಲ. ಅವಳು ನೆಟ್ಟಗೆ ಕುಳಿತಳು. ಯಾವ ಊರಿನವರು ಎಂದು ಕೇಳಿದಳು. ಅಣ್ಣಿಗೇರಿ ಕಡೆ ಎಂದ. ನಮ್ಮವರು ನರೇಗಲ್ಲಿನವರು ಎಂದಳು. ಹಾಗಾದರೆ ಮಗ್ಗುಲಿನವರೇ ಆದಿರಿ ಎಂದ. ಪುಣೆಯಲ್ಲಿ ಒಳ್ಳೆ ಬಿಳಿಜೋಳ ಸಿಗುವುದಿಲ್ಲ, ರೊಟ್ಟಿ ತೆಳ್ಳಗೆ ಬರುವುದಿಲ್ಲ ಎಂದು ಇಬ್ಬರೂ ಮರುಗಿದರು. ಸಪ್ನಾ ನಗುತ್ತಿದ್ದಳು. ಡಬ್ಬಿಯ ಪಲ್ಯ ಆರುತ್ತಿತ್ತು.

ಆಮೇಲೆ ಅವನು ವಿಷಯಕ್ಕೆ ಬಂದ. ಮಷೀನು ಬದಲಾಗುತ್ತಿದೆ, ನಿಮ್ಮ ಅಕೌಂಟ್ ನಡುವೆ ಸಿಕ್ಕಿಕೊಂಡಿದೆ, ಸಂಜೆಯೊಳಗೆ ಬಿಡಿಸದಿದ್ದರೆ ದರಗಳೆಲ್ಲ ಅಳಿಸಿಹೋಗುತ್ತವೆ, ಪಾಸ್‌ವರ್ಡ್ ಹೇಳಿದರೆ ತಾನೇ ಸರಿಮಾಡಿಬಿಡುತ್ತೇನೆ. ಇದೇ ಮಾತನ್ನು ಯಾರಾದರೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಆಡಿದ್ದರೆ ಸಪ್ನಾ ಅವರ ಜನ್ಮ ಜಾಲಾಡುತ್ತಿದ್ದಳು.

"ಕಾಶವ್ವ," ಎಂದಳು. "ಇಂಗ್ಲಿಷಿನ್ಯಾಗ ಬರೀರಿ."

ಆ ಕಡೆ ಅವನು ಹೆಸರನ್ನು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡ.

"ಅವ್ವಾರ ಹೆಸರೇನ್ರಿ?"

"ಹೌದ್ರಿ."

ಅವನು ಮೆಲ್ಲಗೆ, ಬರ್ತೀನ್ರಿ ಎಂದು ಫೋನ್ ಇಟ್ಟ.

ಸಂಜೆ ಮನೆಯಲ್ಲಿ ಅದೇ ಸುದ್ದಿ. ಸಿದ್ರಾಮಪ್ಪನವರು ಯಾರ ಪೈಕಿ ಎಂದು ಕೇಳಲಿಲ್ಲವೇ ಎಂದು ಮಗಳನ್ನೇ ಗದರಿಸಿದರು. ಕಾಶವ್ವ ಹುಡುಗನಿಗೆ ಮನೆಯ ಶೇಂಗಾ ಚಟ್ನಿ ಕಳಿಸು ಎಂದು ಮರುದಿನ ಬೆಳಿಗ್ಗೆಯೇ ಡಬ್ಬಿ ಕಟ್ಟಿಕೊಟ್ಟಳು. ಹೆಡ್ ಆಫೀಸಿಗೆ ದಿನಾ ಹೋಗುವ ಟಪಾಲಿನ ಗಾಡಿಯಲ್ಲಿ ಕಳಿಸೋಣವೆಂದು, ಮಾಂತು ಯಾವ ಮಾಳಿಗೆಯಲ್ಲಿ ಕೂರುತ್ತಾರೆ ಎಂದು ಕೇಳಲು ಸಪ್ನಾ ಆಪರೇಟರಿಗೆ ಫೋನ್ ಮಾಡಿದಳು.

ಮಾಂತು ಎಂಬ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ.

ಸಪ್ನಾ ಚಟ್ನಿಯ ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿದಳು. ಮೊದಲು ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಸುತ್ತ ನೋಡಿದಳು. ತಾನು ಕನ್ನಡದವಳು ಎಂದು ಕಳ್ಳನಿಗೆ ಹೇಳಿದವರು ಯಾರು? ಅವಳ ಮುಖ ನೋಡಿ ಜ್ವರವೇನು ಎಂದು ಈಗಷ್ಟೇ ಕೇಳಿದ ಪರ್ಚೇಸ್ ಹೆಡ್ ಪ್ರಲ್ಹಾದರೇ? ಫೋನ್ ಜೋಡಿಸುವ ಹುಡುಗಿಯೇ? ಎಲ್ಲರ ಮುಖವೂ ಇವತ್ತು ಬೇರೆಯಾಗಿ ಕಂಡಿತು. ಹೊಸ ಟೆಂಡರಿನ ದರಗಳು ಅವಳ ಅಕೌಂಟಿನಲ್ಲೇ ಇದ್ದವು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಕಂಪನಿಯ ಆರ್ಡರ್ ಮತ್ತೆ ಹೋಗುತ್ತದೆ, ಅದೂ ತನ್ನ ಕೈಯಾರೆ. ಮೊದಲ ಕಪ್ ಟೀ ಬಂದು ಮೇಜಿನ ಮೇಲೆ ಕೆನೆಗಟ್ಟಿತು.

ಹೇಳುವುದೇ ಸರಿ ಎಂದು ಎದ್ದು ಕುಶಲನ ಮೇಜಿನ ಮುಂದೆ ನಿಂತಳು. ಕೂರದೆ, ಉಸಿರು ತೆಗೆದುಕೊಳ್ಳದೆ, ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖದ ಬಣ್ಣ ಇಳಿಯಿತು. ಚಟ್ನಿಯ ಡಬ್ಬಿಯ ಮಾತು ಬಂದಾಗ ಅವನು ಎದ್ದು ನಿಂತ.

"ಸಪ್ನಾ, ಹೆದರಬೇಡಿ. ಕಳ್ಳ ಯಾರೂ ಇಲ್ಲ," ಎಂದ, ಕನ್ನಡದಲ್ಲಿ. "ದನಿ ಬದಲಿಸಿ ಆ ಫೋನ್ ಮಾಡಿದ್ದು ನಾನು."

ಮೊದಲು ಬಂದದ್ದು ಸಮಾಧಾನ. ದರ ಎಲ್ಲೂ ಹೋಗಿಲ್ಲ, ಆರ್ಡರ್ ಉಳಿಯಿತು. ಆಮೇಲೆ, ಮಾತು ಮೆಲ್ಲಗೆ ಒಳಗೆ ಇಳಿದ ಮೇಲೆ, ಅವಳ ಕೆನ್ನೆ ಸುಟ್ಟಿತು.

ಅವನು ಹೇಳುತ್ತಲೇ ಹೋದ, ತಲೆ ತಗ್ಗಿಸಿ. ಅವನ ಅಪ್ಪನದೇ ನಂದಾದೀಪ ಹೋಟೆಲ್, ಕುಂದಾಪುರದ ಕಡೆಯವರು. ಯಾರು ಯಾವುದಕ್ಕೆ ಕರಗುತ್ತಾರೆ ಎಂದು ಹುಡುಕುವುದು ಈ ಕೆಲಸದ ಕ್ರಮ. ಒಬ್ಬೊಬ್ಬರಿಗೆ ಒಂದೊಂದು. ಅವಳು ಮಾತ್ರ ಅವನು ಮೊದಲು ಮಾಡಿದ್ದ ಹಿಂದಿಯ ಫೋನಿಗೂ ಇಂಗ್ಲಿಷಿನ ಫೋನಿಗೂ ಸೊಪ್ಪು ಹಾಕಿರಲಿಲ್ಲ. ಅವಳು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಒಂದು ದಿನ ಕೇಳಿಸಿಕೊಂಡ. ಅವಳ ಊರ ಕಡೆಯ ಮಾತು ಅವನಿಗೆ ಚಿಕ್ಕಂದಿನಿಂದಲೇ ಬರುತ್ತಿತ್ತು. ಹೋಟೆಲಿನಲ್ಲಿ ರೊಟ್ಟಿ ಬಡಿಯುವ ಸಾವಂತ್ರವ್ವ ಅಣ್ಣಿಗೇರಿಯವರು, ತಾಯಿಯಿಲ್ಲದ ಅವನು ಬೆಳೆದದ್ದೇ ಅವರ ಒಲೆಯ ಮುಂದೆ.

"ಮಾಡಬಾರದಿತ್ತು. ಅವ್ವನ ಹೆಸರು ಹೇಳಿದಾಗಲೇ ಗೊತ್ತಾಯಿತು. ನಿಮ್ಮ ಹೆಸರು ನಾನು ಯಾರಿಗೂ ಹೇಳುವುದಿಲ್ಲ."

"ನಿನ್ನೆ ನನಗ ಊರಿಂದ ಯಾರೋ ಬಂದಂಗ ಆಗಿತ್ತು," ಎಂದಳು ಸಪ್ನಾ. ಅವಳ ಸ್ವರ ಏರಲಿಲ್ಲ. "ಮನಿಗೆ ಹೋಗಿ ಅಪ್ಪಗ, ಅವ್ವಗ ಹೇಳಿ ಕುಣದಾಡಿದ್ದೆ. ಪಾಸ್‌ವರ್ಡ್ ಏನು, ಬದಲಿ ಮಾಡಿದೆ. ಆ ಖುಷಿನ ಏನ್ ಮಾಡ್ಲಿ, ಹೇಳ್ರಿ?"

ಅವಳು ಚಟ್ನಿಯ ಡಬ್ಬಿ ತೆಗೆದುಕೊಂಡು ಹೊರಟುಬಂದಳು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ತಲೆಗೆ ಹೊಸ ಹುಳ ಹೊಕ್ಕಿತು. ಹೆಸರು ಹೇಳುವುದಿಲ್ಲ ಎಂದನಲ್ಲ, ಯಾಕೆ? ತನ್ನ ಕೆಲಸ ಈಗ ಅವನ ಮುಷ್ಟಿಯಲ್ಲಿದೆ. ಇವತ್ತು ಸುಮ್ಮನಿದ್ದವನು ನಾಳೆ ಇದಕ್ಕೆ ಬದಲಾಗಿ ಏನು ಕೇಳುತ್ತಾನೆ? ಟೀ ಕಪ್ಪು, ಪರದೆ, ಗೋಡೆ ನೋಡುವ ನಾಟಕ, ಎಲ್ಲ ಒಂದೇ ಬಲೆಯ ಎಳೆಗಳಿರಬಹುದು. ಅವನ ಮೇಲೆ ಮನಸ್ಸಾಗಿದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ, ಅದೇ ಸಂಕಟ. ಮನಸ್ಸಾಗಿರದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಯಾರ ಮುಷ್ಟಿಯಲ್ಲೂ ಇರಬಾರದು ಎಂದು ನಿಶ್ಚಯಿಸಿದಳು.

ಶನಿವಾರದ ಮೀಟಿಂಗಿನಲ್ಲಿ ಕುಶಲ ತನ್ನ ವರದಿ ಹೇಳಲು ನಿಂತ. ಹಲವರು ಪಾಸ್‌ವರ್ಡ್ ಕೊಟ್ಟಿದ್ದಾರೆ, ಹೆಸರು ಹೇಳುವುದಿಲ್ಲ ಎಂದ. ಎಂಡಿ ಸಾಹೇಬರು ಹೆಸರು ಬೇಕೇ ಬೇಕು ಎಂದು ಮೇಜು ಗುದ್ದಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಸಪ್ನಾ ಎದ್ದು ನಿಂತಳು.

ಕೊಟ್ಟವಳು ನಾನು ಎಂದಳು. ಯಾಕೆ ಕೊಟ್ಟೆ ಎಂದೂ ಹೇಳಿದಳು. ನನ್ನ ಭಾಷೆ ಕೇಳಿದೆ, ನಮ್ಮವರು ಎಂದುಕೊಂಡೆ, ಅಷ್ಟೇ. ನನ್ನಂಥವಳಿಗೇ ಹೀಗಾಗುವುದಾದರೆ ನಿಮಗೂ ಆಗುತ್ತದೆ, ಏನಕ್ಕೆ ಕರಗುತ್ತೀರಿ ಎಂದು ಇವತ್ತೇ ಯೋಚಿಸಿಕೊಳ್ಳಿ. ಹೇಳಿ ಮುಗಿಸಿದ ಮೇಲೂ ಕೂರಲಿಲ್ಲ. ಆಮೇಲೆ ಅಕೌಂಟ್ಸಿನಿಂದ ಒಂದು ಕೈ ಮೇಲೆದ್ದಿತು. ಡಿಸೈನಿನಿಂದ ಇನ್ನೊಂದು. ಪ್ರಲ್ಹಾದರು ಗಂಟಲು ಸರಿಮಾಡಿಕೊಂಡು, ಫೋನಿನಲ್ಲಿ ಯಾರೋ ಕ್ರಿಕೆಟ್ ಮ್ಯಾಚಿನ ಪಾಸ್ ಕೊಡುತ್ತೇನೆ ಎಂದ, ಹೇಳಿಬಿಟ್ಟೆ ಎಂದರು. ಅಷ್ಟು ಜನರನ್ನು ಮನೆಗೆ ಕಳಿಸಿದರೆ ಫ್ಯಾಕ್ಟರಿಗೆ ಬೀಗ ಹಾಕಬೇಕಾಗುತ್ತದೆ ಎಂದು ಎಂಡಿ ಸಾಹೇಬರಿಗೂ ಹೊಳೆಯಿತು. ಯಾರ ಕೆಲಸವೂ ಹೋಗಲಿಲ್ಲ. ಹೊಸದಾಗಿ ಸೇರುವವರಿಗೆ ತಿರುಗಿ ಫೋನ್ ಮಾಡುವ ಪಾಠ ಹೇಳುವ ಕೆಲಸ ಸಪ್ನಾಳಿಗೆ ಬಂತು.

ಅಷ್ಟು ಹೊತ್ತೂ ಕುಶಲ ಅವಳನ್ನೇ ನೋಡುತ್ತಿದ್ದ. ಈ ಸಲ ಕಣ್ಣು ಹೊರಳಿಸಲಿಲ್ಲ. ಆ ನೋಟದಲ್ಲಿ ತುಂಟತನ ಇರಲಿಲ್ಲ, ಕೆನ್ನೆಯಲ್ಲಿ ಗುಳಿಯೂ ಇರಲಿಲ್ಲ. ಅವಳೇ ಮೊದಲು ಕಣ್ಣು ತೆಗೆದಳು.

ಅವನ ಕೆಲಸ ಮುಗಿಯಿತು, ಹೋದ. ಮೂಲೆಯ ಮೇಜು ಖಾಲಿಯಾಯಿತು. ಸಪ್ನಾ ಬೆಳಿಗ್ಗೆ ಪಾಸ್‌ವರ್ಡ್ ಒತ್ತುವಾಗ ಒಮ್ಮೆ ಆ ಗೋಡೆಯ ಕಡೆ ನೋಡುತ್ತಿದ್ದಳು, ಮನಸ್ಸು ಮುದುಡುತ್ತಿತ್ತು, ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಮನೆಯ ಫೋನ್ ರಿಂಗಾಯಿತು. ಸಿದ್ರಾಮಪ್ಪನವರು ಎತ್ತಿ, ಕನ್ನಡದಲ್ಲಿ ಮಾತಾಡುತ್ತಿದ್ದಾನೆ, ಈ ಸಲವಾದರೂ ಯಾರ ಪೈಕಿ ಎಂದು ಕೇಳು ಎಂದು ಅವಳ ಕೈಗೆ ಕೊಟ್ಟರು.

"ಸಪ್ನಾ, ನಾನು ಕುಶಲ. ಇವತ್ತು ಯಾರ ಹೆಸರೂ ಹಾಕಿಕೊಂಡಿಲ್ಲ. ನೀವೆಂದರೆ ನನಗೆ ತುಂಬಾ ಇಷ್ಟ ಉಂಟು. ಬಾಗಿಲು ಹಾಕಿದಿರಲ್ಲ, ಆ ದಿನದಿಂದ. ನಿಮ್ಮನ್ನು ಮದುವೆ ಆಗುವ ಆಸೆ. ಇಷ್ಟು ಹೇಳಲಿಕ್ಕೆ ಮಾಡಿದ್ದು."

ಅವಳಿಗೆ ಎದೆ ಹೊಡೆದುಕೊಳ್ಳುವುದು ಫೋನಿನಲ್ಲಿ ಕೇಳುತ್ತದೇನೋ ಎನಿಸಿತು. ಎಷ್ಟು ಸಿಹಿಯಾಗಿತ್ತು. ಅವತ್ತಿನ ಫೋನೂ ಇಷ್ಟೇ ಸಿಹಿಯಾಗಿತ್ತು.

"ಫೋನ್ ಇಡ್ರಿ," ಎಂದಳು.

"ಸಪ್ನಾ..."

"ನೀವ ಹೇಳಿಕೊಟ್ಟದ್ದಲ್ರಿ. ಸಿಹಿ ಮಾತು ಬಂದ್ರ ಇಡಬೇಕು."

ಇಟ್ಟಳು. ಟಿವಿಯ ಕೆಳಗಿನಿಂದ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಎಳೆದು, ಧೂಳು ಕೊಡವಿ, ಹೋಟೆಲ್ ನಂದಾದೀಪದ ನಂಬರ್ ತಾನೇ ಹುಡುಕಿ ತೆಗೆದಳು. ಗಲ್ಲಾಪೆಟ್ಟಿಗೆಯ ಮುಂದಿದ್ದವರು ಫೋನೆತ್ತಿದರು. ಅವಳು ಕುಶಲನನ್ನು ಕೇಳಲಿಲ್ಲ. ಸಾವಂತ್ರವ್ವ ಬೇಕು ಎಂದಳು.

ಸಾವಂತ್ರವ್ವನಿಗೆ ಫೋನ್ ಬರುವುದು ಅಪರೂಪವಿರಬೇಕು. ಬಹಳ ಹೊತ್ತಿನ ಮೇಲೆ ಒಂದು ಗಡಸು ದನಿ ಯಾರು ಎಂದು ಕೇಳಿತು. ಸಪ್ನಾ ಹೆಸರು ಹೇಳಲಿಲ್ಲ. ನಿಮ್ಮ ಕುಶಲ ಎಂಥ ಮನುಷ್ಯ ಎಂದು ವಿಚಾರಿಸಬೇಕಿತ್ತು ಎಂದಳು.

"ಹೆಸರ ಹೇಳಲಾರದವರಿಗೆ ನಮ್ಮನಿ ಹುಡುಗನ ಸುದ್ದಿ ನಾ ಯಾಕ ಹೇಳ್ಲಿ?"

ಸಪ್ನಾಳಿಗೆ ಆ ಮುದುಕಿಯ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ಇವರು ಯಾರಿಗೂ ಪಾಸ್‌ವರ್ಡ್ ಕೊಡುವವರಲ್ಲ. ಏನು ಹೇಳುವುದೆಂದು ತೊದಲುತ್ತಿರುವಾಗ ಆ ಕಡೆ ದನಿ ಮೆತ್ತಗಾಯಿತು.

"ತಡಿ ತಡಿ. ನೀ ಬಾಗಲಾ ಹಾಕಿದಾಕಿ ಏನವಾ?"

ಸಪ್ನಾ ಗೋಡೆಗೆ ಒರಗಿದಳು.

ಸಾವಂತ್ರವ್ವ ಹೇಳುತ್ತ ಹೋದಳು. ಆ ದಿನ ಮೈಸೂರ್ ಪಾಕಿನ ಬಾಕ್ಸ್ ಬಗಲಲ್ಲಿಟ್ಟುಕೊಂಡು ಬಂದವನು ಒಲೆಯ ಮುಂದೆ ಕೂತು ಬಾಗಿಲು ಹಾಕಿದ ಹುಡುಗಿಯ ಕಥೆಯನ್ನು ಹೇಳಿದ್ದೇ ಹೇಳಿದ್ದಂತೆ, ಕಿವಿ ತೂತು ಬೀಳುವಷ್ಟು. ಆಮೇಲೊಂದು ಸಂಜೆ ಮುಖ ಬಾಡಿಸಿಕೊಂಡು ಬಂದನಂತೆ.

"ನಿನ್ನ ಮಾತಿನ್ಯಾಗ ಮಾತಾಡಿ ಆ ಹುಡುಗಿಗೆ ಮೋಸ ಮಾಡಿದ್ನಿ ಅಂದ. ನನಗ ಎಷ್ಟ ಸಿಟ್ಟ ಬಂತು ಅಂತಿ. ನಾ ಕಲಿಸಿದ ಮಾತಿಲೆ ಮೋಸ ಮಾಡ್ತಿಯೇನೋ, ಆಕಿ ಮಾಫ್ ಮಾಡೂತನಕ ನಿನಗ ನನ್ನ ಕೈ ರೊಟ್ಟಿ ಇಲ್ಲ ಅಂದೆ. ಅವತ್ತಿಂದ ಬರೇ ಅನ್ನ ಉಣ್ಣಾಕತ್ತಾನ, ತುಟಿ ಪಿಟಕ್ ಅಂದಿಲ್ಲ. ಈಗೂ ಹೊರಗ ಕಟ್ಟಿ ಮ್ಯಾಲೆ ಮಾರಿ ಸಣ್ಣದ ಮಾಡ್ಕೊಂಡ ಕುಂತಾನ. ಕರೀಲೇನು, ಫೋನ್ ಕೊಡ್ಲೇನು?"

ಮಾಂತು ಹುಟ್ಟುವುದಕ್ಕೆ ಮೊದಲೇ, ಫೋನಿನ ಪರೀಕ್ಷೆಗೂ ಮೊದಲೇ, ಅವಳು ಅವನ ಕಥೆಯೊಳಗೆ ಆ ಒಲೆಯ ಮುಂದೆ ಹೋಗಿ ಕೂತಾಗಿತ್ತು. ಸಪ್ನಾ ಕಣ್ಣು ಒರೆಸಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಕಾಶವ್ವ ಸೌಟು ಹಿಡಿದು ನಿಂತು ನೋಡುತ್ತಿದ್ದಳು.

"ಬ್ಯಾಡ್ರಿ," ಎಂದಳು ಸಪ್ನಾ. "ಫೋನಿನ್ಯಾಗ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ತಾರ. ನಾನ ಬರ್ತೀನಿ. ನೀವು ಹಿಟ್ಟು ನಾದ್ರಿ, ಇಬ್ಬರಿಗೆ ರೊಟ್ಟಿ ಬಡೀರಿ."

ಫೋನ್ ಇಟ್ಟು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಶೇಂಗಾ ಚಟ್ನಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಚಪ್ಪಲಿ ಮೆಟ್ಟುವಾಗ ಸಿದ್ರಾಮಪ್ಪನವರು ಪೇಪರಿನಿಂದ ತಲೆ ಎತ್ತಿ, ಈ ಬಿಸಿಲಿನಲ್ಲಿ ಎಲ್ಲಿಗೆ ಎಂದು ಕೇಳಿದರು.

"ಒಂದೀಟು ಖಾತ್ರಿ ಮಾಡ್ಕೊಂಡು ಬರ್ತೀನಪ್ಪಾ," ಎಂದಳು. ಹೊರಟವಳು ಬಾಗಿಲು ಹಾಕುವುದನ್ನು ಮರೆತಳು.